ಮೂಲ ವಿಡಿಯೊ ಅಳಿಸುವ ಮುಂಚೆ ನಕಲನ್ನು ಪಕ್ಕಕ್ಕಿಟ್ಟು ನೋಡಿ

ಬೀದರಿನ ಒಂದು ಬಿದರಿ ಕೆಲಸದ ಅಂಗಡಿಯಲ್ಲಿ ಎರಡು ದಿನ ಕೂತು ಶೂಟ್ ಮಾಡಿದ್ದೆ. ಅಲ್ಲಿನ ಚಾಚಾ ಸಣ್ಣ ಉಳಿಯಿಂದ ಹೂಜಿಯ ಮೇಲೆ ಗೆರೆ ಕೊರೆಯುತ್ತಾರೆ. ಕೂದಲೆಳೆಯಂಥ ಬೆಳ್ಳಿ ತಾರನ್ನು ಆ ಗೆರೆಯೊಳಗೆ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದರೆ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಕಲಬುರಗಿಗೆ ವಾಪಸ್ ಬಂದು ನೋಡಿದರೆ ಆರು ತಾಸಿನ ಶೂಟಿಂಗ್, 135 ಜಿಬಿ. ಹಾರ್ಡ್ ಡಿಸ್ಕಿನಲ್ಲಿ ಅಷ್ಟು ಜಾಗ ಇರಲಿಲ್ಲ. ಎಲ್ಲವನ್ನೂ ಹ್ಯಾಂಡ್‌ಬ್ರೇಕ್ ಎಂಬ, ವಿಡಿಯೊ ಚಿಕ್ಕದು ಮಾಡುವ ಸಾಫ್ಟ್‌ವೇರ್‌ಗೆ ಹಾಕಿ ಚಿಕ್ಕ ನಕಲು ಮಾಡಿದೆ. ಮೂರು ಸಲ ನೋಡಿದೆ. ಚೆನ್ನಾಗಿಯೇ ಕಂಡಿತು.

ಮುಂದಿನ ಸಲ ಬೀದರಿಗೆ ಹೋದಾಗ ಆ ನಕಲನ್ನು ಚಾಚಾಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅರ್ಧ ನಿಮಿಷ ಆಗಿರಲಿಲ್ಲ, ಪರದೆಯ ಹತ್ತಿರ ಬಗ್ಗಿದರು.

“ಇಲ್ಲಿ ತಾರ ಕಡದಂಗ ಕಾಣ್ತದಲ್ಲಪಾ. ನಾ ಹಂಗ ಬಡದಿಲ್ಲ.”

ಒಳಗೆ ಹೋಗಿ ಅದೇ ಹೂಜಿ ತಂದು ನನ್ನ ಕೈಗೆ ಕೊಟ್ಟರು. ಬಳ್ಳಿಯ ಗೆರೆ ಎಲ್ಲೂ ತುಂಡಾಗಿರಲಿಲ್ಲ. ತುಂಡಾಗಿದ್ದು ನನ್ನ ನಕಲಿನಲ್ಲಿ. ಕಪ್ಪು ಮೈಯ ಮೇಲಿನ ಸಣ್ಣ ಬಿಳಿ ಗೆರೆಯನ್ನು ಕಂಪ್ಯೂಟರ್ ಅಲ್ಲಲ್ಲಿ ಕರಗಿಸಿಬಿಟ್ಟಿತ್ತು. ಪುಣ್ಯಕ್ಕೆ ಮೂಲ ಫೈಲುಗಳನ್ನು ಇನ್ನೂ ಅಳಿಸಿರಲಿಲ್ಲ.

ಆ ಗೆರೆಯ ಜೊತೆ ಚಾಚಾ ಜೀವಮಾನ ಕಳೆದಿದ್ದಾರೆ. ಅವರ ಕಣ್ಣಿಗೆ ಸಿಕ್ಕಿದ್ದು ನನಗೆ ಮೂರು ಸಲ ನೋಡಿದರೂ ಸಿಗಲಿಲ್ಲ. ಹಾಗಾದರೆ ನನ್ನಂಥವರು ಮೂಲಕ್ಕೂ ನಕಲಿಗೂ ಇರುವ ವ್ಯತ್ಯಾಸವನ್ನು ಹಿಡಿಯುವುದು ಹೇಗೆ? ಅದಕ್ಕೆ ಉಚಿತವಾಗಿ ಸಿಗುವ ಒಳ್ಳೆಯ ಟೂಲ್‌ಗಳಿವೆ. ಒಂದು ಸಲ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ಟೇ ಬೇಡ. ಮದುವೆ ಶೂಟ್ ಮಾಡುವವರು, ಊರಿನ ಜಾತ್ರೆ ಹಿಡಿದಿಡುವವರು, ಮನೆಯ ಹಳೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವವರು, ಎಲ್ಲರಿಗೂ ಇದು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಮೊದಲು, ನಕಲು ಚಿಕ್ಕದಾಗುವಾಗ ಏನು ಕಳೆಯುತ್ತದೆ

ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಟ್ಟು 20 ಲಕ್ಷಕ್ಕೂ ಜಾಸ್ತಿ. ಒಂದೊಂದು ಚುಕ್ಕಿಗೆ ಮೂರು ಬೈಟ್ ಹಿಡಿದರೆ ಒಂದು ಫ್ರೇಮಿಗೆ ಸುಮಾರು 6.2 ಎಂಬಿ. ಸೆಕೆಂಡಿಗೆ 25 ಫ್ರೇಮ್ ಅಂದರೆ 155 ಎಂಬಿ. ಒಂದು ತಾಸಿಗೆ ಸುಮಾರು 560 ಜಿಬಿ! ಇಷ್ಟನ್ನು ಯಾರೂ ಇಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ಕ್ಯಾಮೆರಾ ತಾನೇ ಮೊದಲು ಒತ್ತಿ ಚಿಕ್ಕದು ಮಾಡುತ್ತದೆ. ನನ್ನ ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್ ಬರೆಯುತ್ತದೆ, ತಾಸಿಗೆ 22.5 ಜಿಬಿ. ನಾವು ಮಾಡುವ ನಕಲು ಅದನ್ನು ಇನ್ನೊಮ್ಮೆ ಒತ್ತುತ್ತದೆ.

ಒತ್ತುವ ವಿಧಾನ ಜಾಣತನದ್ದು. ಚಿತ್ರವನ್ನು ಚೌಕ ಚೌಕ ಮಾಡಿಕೊಳ್ಳುತ್ತದೆ. ಹಿಂದಿನ ಫ್ರೇಮಿನಲ್ಲಿ ಇದ್ದದ್ದೇ ಇದ್ದರೆ ಮತ್ತೆ ಬರೆಯುವುದಿಲ್ಲ, ಸರಿದಿದ್ದರೆ ಎಷ್ಟು ಸರಿಯಿತು ಎಂದಷ್ಟೇ ಬರೆಯುತ್ತದೆ. ಹೊಸದಾಗಿ ಬಂದಿದ್ದರಲ್ಲಿ ದೊಡ್ಡ ಆಕಾರಗಳನ್ನು ಉಳಿಸಿಕೊಂಡು ಸಣ್ಣ ವಿವರಗಳನ್ನು ಸವರಿಬಿಡುತ್ತದೆ. ಬಣ್ಣವನ್ನಂತೂ ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಒಂದರಂತೆ ಮಾತ್ರ ಇಡುತ್ತದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಹಿಡಿದಷ್ಟು ಚೆನ್ನಾಗಿ ಬಣ್ಣದ ಏರಿಳಿತವನ್ನು ಹಿಡಿಯುವುದಿಲ್ಲ, ಅದಕ್ಕೆ. ಹ್ಯಾಂಡ್‌ಬ್ರೇಕ್‌ನಂಥ ಕಡೆ ಕಾಣುವ ಕ್ವಾಲಿಟಿ ಸ್ಲೈಡರ್ ಎಷ್ಟು ಸವರಬೇಕು ಎಂದು ಹೇಳುವ ಗುಂಡಿ. ಎಚ್.264 ಎಂಬ ರೂಪಕ್ಕೆ ವಿಡಿಯೊ ಒತ್ತುವ ಎಕ್ಸ್264 ಎಂಬ ಸಾಫ್ಟ್‌ವೇರಿನಲ್ಲಿ ಅದು 0ಯಿಂದ 51ರವರೆಗೆ ಇರುತ್ತದೆ, ತಾನಾಗಿ 23ರಲ್ಲಿ ನಿಂತಿರುತ್ತದೆ. ಅಂಕಿ ಜಾಸ್ತಿ ಆದಷ್ಟೂ ಫೈಲ್ ಚಿಕ್ಕದು, ನಷ್ಟ ಜಾಸ್ತಿ.

ಶಾಂತವಾಗಿ ಕೂತು ಮಾತಾಡುವವರ ವಿಡಿಯೊ ಎಷ್ಟು ಒತ್ತಿದರೂ ತಡೆದುಕೊಳ್ಳುತ್ತದೆ. ಕಲಬುರಗಿಯ ಶರಣಬಸವೇಶ್ವರ ರಥೋತ್ಸವದ ವಿಡಿಯೊ ಹಾಗಲ್ಲ. ಸಾವಿರಾರು ತಲೆ, ತೇರಿನ ಮೇಲೆ ಹಾರುವ ಬಾಳೆಹಣ್ಣು, ಖಾರೀಕು. ಯಾವ ಫ್ರೇಮೂ ಹಿಂದಿನದರ ಹಾಗೆ ಇರುವುದಿಲ್ಲ. ಯಾದಗಿರಿಯ ಹತ್ತಿರ ಭೀಮಾ ನದಿ ತುಂಬಿ ಹರಿಯುವಾಗಿನ ನೀರು, ಗಾಳಿಗೆ ತೂಗುವ ತೊಗರಿ ಹೊಲ, ಇವೂ ಹಾಗೇ. ಅದೇ ಸ್ಲೈಡರ್ ಅಂಕಿ ಒಂದು ವಿಡಿಯೊಗೆ ಸಾಕಾಗಿ ಇನ್ನೊಂದಕ್ಕೆ ಸಾಲದೆ ಹೋಗುವುದು ಈ ಕಾರಣಕ್ಕೆ.

ಕಣ್ಣಿನ ನೆನಪು ತೀರಾ ಕಡಿಮೆ

ಮೂರು ಸಲ ನೋಡಿಯೂ ನಾನು ಎಡವಿದ್ದೇಕೆ? ಮೂಲವನ್ನು ಒಂದು ಪ್ಲೇಯರಿನಲ್ಲಿ ನೋಡಿದೆ, ಮುಚ್ಚಿದೆ, ನಕಲನ್ನು ತೆರೆದೆ. ನಡುವೆ ಐದಾರು ಸೆಕೆಂಡ್. ಅಷ್ಟರಲ್ಲಿ ಕಣ್ಣು ಸಣ್ಣ ವಿವರವನ್ನು ಮರೆತಿರುತ್ತದೆ, ಮನಸ್ಸು ‘ಒಂದು ಹೂಜಿ ಇತ್ತು’ ಎಂದಷ್ಟೇ ಇಟ್ಟುಕೊಂಡಿರುತ್ತದೆ. ಎರಡು ಕಿಟಕಿಗಳನ್ನು ಪಕ್ಕ ಪಕ್ಕ ಇಟ್ಟರೂ ಪೂರ್ತಿ ಪರಿಹಾರ ಸಿಗುವುದಿಲ್ಲ. ಕಣ್ಣು ಆ ಕಡೆ ಈ ಕಡೆ ಓಡಬೇಕು, ಎರಡೂ ಒಂದೇ ಕ್ಷಣದಲ್ಲಿ ನಿಂತಿರುವುದಿಲ್ಲ.

ಬೇಕಾಗಿರುವುದು ಒಂದೇ ಚಿತ್ರದ ಎಡ ಅರ್ಧ ಮೂಲದಿಂದ, ಬಲ ಅರ್ಧ ನಕಲಿನಿಂದ, ನಡುವೆ ಒಂದು ಗೆರೆ. ಆ ಗೆರೆಯನ್ನು ಮೌಸ್‌ನಿಂದ ಎಳೆದಾಡುವಂತಿರಬೇಕು. ವಿಡಿಯೊ-ಕಂಪೇರ್ ಎಂಬ ಚಿಕ್ಕ ಟೂಲ್ ಇದನ್ನೇ ಮಾಡುತ್ತದೆ. ಉಚಿತ, ಅದರ ಕೋಡ್ ಕೂಡ ತೆರೆದಿದೆ. ಒಳಗೆ ಕೆಲಸ ಮಾಡುವುದು 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ ಎಫ್‌ಎಫ್‌ಎಂಪೆಗ್, ವಿಡಿಯೊ ತೆರೆಯುವ, ಬದಲಾಯಿಸುವ ಉಚಿತ ಸಾಫ್ಟ್‌ವೇರ್. ಹಾಗಾಗಿ ಅದು ತೆರೆಯದ ವಿಡಿಯೊ ಫೈಲ್ ಸಿಗುವುದು ಅಪರೂಪ. ವಿಂಡೋಸ್‌ಗೆ ಸಿದ್ಧ ಜಿಪ್ ಫೈಲ್ ಸಿಗುತ್ತದೆ, ಬಿಚ್ಚಿ ಒಂದು ಫೋಲ್ಡರಿನಲ್ಲಿ ಇಟ್ಟರೆ ಆಯಿತು.

ಇದಕ್ಕೆ ಬಟನ್ನುಗಳ ಮೆನು ಇಲ್ಲ. ಅದನ್ನು ನೋಡಿ ಹೆದರಬೇಡಿ. ಮೂಲ ಮತ್ತು ನಕಲು ಎರಡನ್ನೂ ಟೂಲ್ ಇರುವ ಫೋಲ್ಡರಿಗೇ ಹಾಕಿಕೊಳ್ಳಿ. ಹೆಸರು ಚಿಕ್ಕದಿರಲಿ, ನಡುವೆ ಖಾಲಿ ಜಾಗ ಬೇಡ. ಫೋಲ್ಡರಿನ ಮೇಲಿರುವ ವಿಳಾಸದ ಪಟ್ಟಿಯಲ್ಲಿ ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಟೂಲಿನ ಹೆಸರು, ಒಂದು ಸ್ಪೇಸ್, ಮೂಲದ ಹೆಸರು, ಇನ್ನೊಂದು ಸ್ಪೇಸ್, ನಕಲಿನ ಹೆಸರು. ಎಂಟರ್. ಮೊದಲು ಬರೆದದ್ದು ಎಡಕ್ಕೆ ಬರುತ್ತದೆ, ಆಮೇಲೆ ಬರೆದದ್ದು ಬಲಕ್ಕೆ. ಹೆಸರು ಟೈಪ್ ಮಾಡಲು ಬೇಸರವಾದರೆ ಫೈಲನ್ನೇ ಎಳೆದು ಕಪ್ಪು ಕಿಟಕಿಯ ಮೇಲೆ ಬಿಡಿ, ಹೆಸರು ತಾನೇ ಮೂಡುತ್ತದೆ.

ಆಮೇಲೆ ನೆನಪಿಡಬೇಕಾದ ಕೀಗಳು ಕೆಲವೇ. ಸ್ಪೇಸ್ ಒತ್ತಿದರೆ ನಿಲ್ಲುತ್ತದೆ. ನಿಂತ ಮೇಲೆ ಎ ಕೀ ಒಂದು ಫ್ರೇಮ್ ಹಿಂದಕ್ಕೆ, ಡಿ ಕೀ ಒಂದು ಫ್ರೇಮ್ ಮುಂದಕ್ಕೆ. ಎಸ್ ಕೀ ಎಡ ಬಲ ಅದಲು ಬದಲು ಮಾಡುತ್ತದೆ. ಮೌಸಿನ ಚಕ್ರ ತಿರುಗಿಸಿದರೆ ಚಿತ್ರ ಹತ್ತಿರ ಬರುತ್ತದೆ. ಸೊನ್ನೆ ಒತ್ತಿದರೆ ಎರಡೂ ಚಿತ್ರಗಳ ವ್ಯತ್ಯಾಸ ಮಾತ್ರ ಕಾಣುತ್ತದೆ. ಈ ಸೊನ್ನೆ ಕೀ ನನಗೆ ಅತಿ ಪ್ರಿಯವಾದದ್ದು, ಯಾಕೆಂದು ಮುಂದೆ ಹೇಳುತ್ತೇನೆ.

ಹೂಜಿಯ ಶಾಟ್ ತೆರೆದು ಗೆರೆಯನ್ನು ಬಳ್ಳಿಯ ಮೇಲೆ ಎಳೆದೆ. ಎಡದಲ್ಲಿ ತಾರು ಸಲೀಸಾಗಿ ಬಂದು, ಗೆರೆ ದಾಟಿದ ಕೂಡಲೇ ಬಲದಲ್ಲಿ ಮಂಕಾಗಿ ಎರಡು ಕಡೆ ಮಾಯವಾಗಿತ್ತು. ಒಂದೇ ಸೆಕೆಂಡಿನಲ್ಲಿ ಕಂಡಿತು. ಚಾಚಾಗೆ ಬರಿಗಣ್ಣಿಗೆ ಕಂಡದ್ದು ಅದೇ.

ಫ್ರೇಮಿಗೆ ಫ್ರೇಮ್ ಕೂಡಬೇಕು

ಹೊಸಬರು ಇಲ್ಲೇ ಎಡವುತ್ತಾರೆ, ನಾನೂ ಎಡವಿದ್ದೇನೆ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊಬೈಲಿನಲ್ಲಿ ತೆಗೆದ ಒಂದು ಶಾಟ್ ಹೋಲಿಸಿದಾಗ ಸ್ಕೋರ್, ಅಂದರೆ ನಕಲು ಮೂಲವನ್ನು ಎಷ್ಟು ಹೋಲುತ್ತದೆ ಎಂದು ಹೇಳುವ ಅಂಕಿ (ಅದರ ಬಗ್ಗೆ ಮುಂದೆ ಬರೆದಿದ್ದೇನೆ), ತೀರಾ ಕೆಳಗೆ ಬಂತು. ಕಣ್ಣಿಗೆ ಮಾತ್ರ ಎರಡೂ ಒಂದೇ ಥರ. ಸೊನ್ನೆ ಒತ್ತಿದೆ. ಪರದೆಯ ತುಂಬ ಎಲ್ಲರ ಸುತ್ತ ಜೋಡಿ ಅಂಚುಗಳು, ನೆರಳು ಕೂತ ಹಾಗೆ. ಅದು ಗುಣಮಟ್ಟದ ತಪ್ಪಾಗಿರಲಿಲ್ಲ. ನಕಲು ಒಂದು ಫ್ರೇಮ್ ಹಿಂದೆ ಬಿದ್ದಿತ್ತು, ಅಷ್ಟೇ. ಟೂಲ್ ಪಾಪ, ಈ ಕ್ಷಣದ ಚಿತ್ರವನ್ನು ಮುಂದಿನ ಕ್ಷಣದ ಚಿತ್ರಕ್ಕೆ ಹೋಲಿಸುತ್ತಿತ್ತು. ಪ್ಲಸ್ ಮತ್ತು ಮೈನಸ್ ಕೀಗಳು ಬಲಗಡೆಯ ವಿಡಿಯೊವನ್ನು ಒಂದೊಂದು ಫ್ರೇಮ್ ಸರಿಸುತ್ತವೆ. ಒಂದು ಸಲ ಒತ್ತಿದ ಕೂಡಲೇ ಜೋಡಿ ಅಂಚುಗಳು ಮಾಯವಾಗಿ ಪರದೆ ಬಹುತೇಕ ಕಪ್ಪಾಯಿತು. ಎರಡೂ ಕೂಡಿವೆ ಎಂದು ಹೇಳುವುದು ಆ ಕಪ್ಪು.

ಹೀಗೆ ಸರಿಯಲು ಕಾರಣ ಹಲವು. ಬಹಳಷ್ಟು ಮೊಬೈಲುಗಳು ಸೆಕೆಂಡಿಗೆ ಸರಿಯಾಗಿ 30 ಫ್ರೇಮ್ ಬರೆಯುವುದಿಲ್ಲ. ಬೆಳಕು ಕಡಿಮೆ ಆದಾಗ ನಿಧಾನ ಮಾಡುತ್ತವೆ, ಮತ್ತೆ ಹೆಚ್ಚಿಸುತ್ತವೆ. ನಕಲು ಮಾಡುವ ಸಾಫ್ಟ್‌ವೇರ್ ಅದನ್ನು ಸಮ ಮಾಡಲು ಹೋಗಿ ಕೆಲವು ಫ್ರೇಮ್ ಎರಡು ಸಲ ಬರೆಯುತ್ತದೆ, ಕೆಲವನ್ನು ಬಿಡುತ್ತದೆ. ಶುರುವಿನಲ್ಲಿ ಕೂಡಿದ್ದು ಹತ್ತು ನಿಮಿಷದ ಹೊತ್ತಿಗೆ ಕೂಡದೇ ಇರಬಹುದು. ಇನ್ನೊಂದು ಕಾರಣ, ಮರು ಎನ್‌ಕೋಡ್ ಮಾಡದೆ, ಅಂದರೆ ಮತ್ತೆ ಒತ್ತದೆ, ಸುಮ್ನೆ ಕತ್ತರಿಸುವುದು. ಹಾಗೆ ಕತ್ತರಿಸಿದಾಗ ತುಂಡು ನಾವು ಹೇಳಿದ ಜಾಗದಿಂದ ಶುರುವಾಗದೆ, ಅದಕ್ಕೂ ಹಿಂದಿನ ಒಂದು ಪೂರ್ತಿ ಫ್ರೇಮಿನಿಂದ ಶುರುವಾಗಬಹುದು. ಹಾಗಾಗಿ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ, ಮೂರು ಕಡೆ ಸೊನ್ನೆ ಒತ್ತಿ ನೋಡಿ. ಯಾರಾದರೂ ಕಣ್ಣು ಮಿಟುಕಿಸುವ ಜಾಗ, ಸುತ್ತಿಗೆ ಬೀಳುವ ಜಾಗ, ಪಟಾಕಿ ಹೊಡೆಯುವ ಜಾಗ ಆರಿಸಿಕೊಂಡರೆ ಬೇಗ ಗೊತ್ತಾಗುತ್ತದೆ.

ಸೊನ್ನೆ ಒತ್ತಿದಾಗ ಅಂಚುಗಳು ಕಾಣದೆ ಇಡೀ ಪರದೆ ಒಂದೇ ಸಮ ಮಸುಕು ಬೆಳಕಾದರೆ ಅದು ಬೇರೆ ಕಥೆ. ನಕಲಿನಲ್ಲಿ ಬೆಳಕಿನ ಅಳತೆಪಟ್ಟಿಯೇ ಬದಲಾಗಿದೆ ಎಂದು ಅರ್ಥ. ಕಪ್ಪು 16ರಿಂದ ಶುರುವಾಗಬೇಕೋ 0ಯಿಂದಲೋ ಎಂಬ ಗೊಂದಲ ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಆಗಿರುತ್ತದೆ. ಅದನ್ನು ಮೊದಲು ಸರಿ ಮಾಡಿ, ಆಮೇಲೆ ಹೋಲಿಸಿ.

ಅಂಕಿಗಳು ಏನು ಹೇಳುತ್ತವೆ

ಆರು ತಾಸಿನ ವಿಡಿಯೊವನ್ನು ಗೆರೆ ಎಳೆದು ನೋಡುತ್ತಾ ಕೂರಲು ಆಗುವುದಿಲ್ಲ. ಎಲ್ಲಿ ನೋಡಬೇಕು ಎಂದು ಯಾರಾದರೂ ತೋರಿಸಬೇಕು. ಅದಕ್ಕೆ ಅಂಕಿ ಬೇಕು.

ಎಲ್ಲಕ್ಕಿಂತ ಹಳೆಯದು ಪಿಎಸ್‌ಎನ್‌ಆರ್. ಮೂಲದ ಪ್ರತಿ ಚುಕ್ಕಿಯಿಂದ ನಕಲಿನ ಅದೇ ಚುಕ್ಕಿಯನ್ನು ಕಳೆದು, ವರ್ಗ ಮಾಡಿ, ಸರಾಸರಿ ತೆಗೆದು, ಡೆಸಿಬಲ್‌ನಲ್ಲಿ ಹೇಳುತ್ತದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಸರಾಸರಿ ತಪ್ಪು ಹತ್ತನೇ ಒಂದು ಭಾಗಕ್ಕೆ ಇಳಿದರೆ ಅಂಕಿ 10 ಡೆಸಿಬಲ್ ಏರುತ್ತದೆ. ಲೆಕ್ಕ ಸರಳ, ಬೇಗ ಆಗುತ್ತದೆ. ಆದರೆ ತಪ್ಪು ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ. ನಮ್ಮ ಕಲಬುರಗಿಯ ತೊಗರಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕ್ವಿಂಟಲ್ ತೊಗರಿಯಲ್ಲಿ ಒಂದು ಕೆಜಿ ಕಲ್ಲು ಎಂದು ಅದು ಹೇಳುತ್ತದೆ. ಆ ಕಲ್ಲು ಇಡೀ ರಾಶಿಯಲ್ಲಿ ಹರಡಿದೆಯೋ, ಇವತ್ತು ಬೇಯಿಸಲು ತೆಗೆದ ಬೇಳೆಯಲ್ಲೇ ಇದೆಯೋ, ಹೇಳುವುದಿಲ್ಲ. ಅದೇ ಮೊತ್ತದ ತಪ್ಪು ಹಿಂದಿನ ಗೋಡೆಯಲ್ಲಿ ಹರಡಿದ್ದರೆ ಯಾರಿಗೂ ಕಾಣುವುದಿಲ್ಲ. ಮದುಮಗಳ ಮುಖದಲ್ಲಿ ಇದ್ದರೆ ಎಲ್ಲರಿಗೂ ಕಾಣುತ್ತದೆ.

2004ರಲ್ಲಿ ಝೌ ವಾಂಗ್, ಅಲನ್ ಬೋವಿಕ್ ಮತ್ತು ಅವರ ಜೊತೆಗಾರರು ಎಸ್‌ಎಸ್‌ಐಎಂ ತಂದರು. ಅದು ಚಿಕ್ಕ ಚಿಕ್ಕ ಜಾಗಗಳಲ್ಲಿ ಬೆಳಕು, ಕಾಂಟ್ರಾಸ್ಟ್, ಆಕಾರ ಉಳಿದಿದೆಯೇ ಎಂದು ನೋಡುತ್ತದೆ. ಎರಡೂ ಒಂದೇ ಆಗಿದ್ದರೆ 1.

ಈಗ ಹೆಚ್ಚಾಗಿ ಬಳಸುವುದು ವಿಮ್ಯಾಫ್. ನೆಟ್‌ಫ್ಲಿಕ್ಸ್ ವಿಶ್ವವಿದ್ಯಾಲಯಗಳ ಜೊತೆ ಸೇರಿ ಇದನ್ನು ಕಟ್ಟಿ, 2016ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಇದರ ಬುಡದಲ್ಲಿ ಜನರ ಕಣ್ಣು ಇದೆ. ಜನರನ್ನು ಕೂರಿಸಿ, ಮೂಲ ಮತ್ತು ಕೆಟ್ಟ ನಕಲುಗಳನ್ನು ತೋರಿಸಿ, ಅಂಕ ಕೊಡಿಸಿದರು. ಆಮೇಲೆ ಚಿತ್ರದಲ್ಲಿ ಎಷ್ಟು ಮಾಹಿತಿ ಉಳಿದಿದೆ, ಎಷ್ಟು ವಿವರ ಕಳೆದಿದೆ, ಎಷ್ಟು ಚಲನೆ ಇದೆ ಎಂಬ ಅಳತೆಗಳನ್ನು ಸೇರಿಸಿ, ಜನ ಕೊಟ್ಟ ಅಂಕಕ್ಕೆ ಹತ್ತಿರ ಬರುವ ಹಾಗೆ ಕಂಪ್ಯೂಟರಿಗೆ ಕಲಿಸಿದರು. ಸ್ಕೋರ್ 0ಯಿಂದ 100. 95ರ ಆಸುಪಾಸು ಬಂದರೆ ಸಾಮಾನ್ಯವಾಗಿ ವ್ಯತ್ಯಾಸ ಹುಡುಕುವುದು ಕಷ್ಟ. ಎರಡು ನಕಲುಗಳ ನಡುವೆ ಸುಮಾರು 6 ಅಂಕದ ಅಂತರ ಇದ್ದರೆ ಕಣ್ಣಿಗೆ ಗೊತ್ತಾಗುತ್ತದೆ ಎಂದು ಈ ಕೆಲಸದವರು ಲೆಕ್ಕ ಇಡುತ್ತಾರೆ.

ಆದರೆ ಇದಕ್ಕೂ ಮಿತಿ ಇದೆ, ಅದು ಗೊತ್ತಿದ್ದರೆ ಮಾತ್ರ ಅಂಕಿ ಪ್ರಯೋಜನಕ್ಕೆ ಬರುತ್ತದೆ. ಮಾಮೂಲಿ ಮಾದರಿ ಫುಲ್ ಎಚ್‌ಡಿ ಟಿವಿಯನ್ನು ಅದರ ಎತ್ತರದ ಮೂರು ಪಟ್ಟು ದೂರದಲ್ಲಿ ಕೂತು ನೋಡುವವರಿಗೆ ಹೊಂದಿಸಿದ್ದು. ಚಾಚಾ ಹಾಗೆ ಪರದೆಗೆ ಮೂಗು ತಾಗಿಸಿ ನೋಡುವವರಿಗೆ ಅಲ್ಲ. ಇನ್ನೊಂದು, ವಿಮ್ಯಾಫ್ ಬೆಳಕನ್ನು ಮಾತ್ರ ನೋಡುತ್ತದೆ, ಬಣ್ಣವನ್ನು ನೋಡುವುದೇ ಇಲ್ಲ. ಅರಿಶಿನ ಶಾಸ್ತ್ರದ ಹಳದಿ ಕೇಸರಿಗೆ ತಿರುಗಿದ್ದರೂ ಸ್ಕೋರ್ ಅಲ್ಲಾಡದೇ ಇರಬಹುದು. ನಕಲನ್ನು ಮೂಲಕ್ಕಿಂತ ಚೂಪು ಮಾಡಿದರೆ ಸ್ಕೋರ್ ಸುಳ್ಳಾಗಿ ಏರುತ್ತದೆ. ಆಮೇಲೆ, ಮೂಲವನ್ನು ಮೂಲಕ್ಕೇ ಹೋಲಿಸಿದರೂ ಕೆಲವೊಮ್ಮೆ ಪೂರ್ತಿ 100 ಬರುವುದಿಲ್ಲ. ಹಾಗಾಗಿ ನಾನು ಮೊದಲು ಒಂದು ಸಲ ಮೂಲವನ್ನು ಅದಕ್ಕೇ ಹೋಲಿಸಿ, ಈ ಶಾಟಿಗೆ ಗರಿಷ್ಠ ಎಷ್ಟು ಎಂದು ಬರೆದಿಟ್ಟುಕೊಳ್ಳುತ್ತೇನೆ.

ಲೆಕ್ಕ ಮಾಡುವುದು ಎಫ್‌ಎಫ್‌ಎಂಪೆಗ್. ಕಮಾಂಡ್ ಬೇಡ ಎನ್ನುವವರಿಗೆ ವಿಂಡೋಸ್‌ನಲ್ಲಿ ಎಫ್‌ಎಫ್‌ಮೆಟ್ರಿಕ್ಸ್ ಎಂಬ ಉಚಿತ ಟೂಲ್ ಇದೆ. ಅದು ಹಿಂದೆ ನಿಂತು ಎಫ್‌ಎಫ್‌ಎಂಪೆಗ್ಗನ್ನೇ ಓಡಿಸುತ್ತದೆ. ಮೂಲ ಒಂದು ಕಡೆ, ನಕಲುಗಳು ಒಂದು ಕಡೆ ಹಾಕಿದರೆ ಮೂರೂ ಅಂಕಿ ಕೊಟ್ಟು ಗ್ರಾಫ್ ಬಿಡಿಸುತ್ತದೆ. ನೇರವಾಗಿ ಎಫ್‌ಎಫ್‌ಎಂಪೆಗ್ ಬಳಸುವವರು ಒಂದು ವಿಷಯ ಮರೆಯಬಾರದು. ವಿಮ್ಯಾಫ್‌ಗೆ ಮೊದಲು ಕೊಡಬೇಕಾದದ್ದು ನಕಲು, ಆಮೇಲೆ ಮೂಲ. ತಿರುವು ಮುರುವಾದರೆ ಅದು ಬೈಯುವುದಿಲ್ಲ, ಸುಮ್ನೆ ತಪ್ಪು ಅಂಕಿ ಕೊಡುತ್ತದೆ. ನಕಲು 720ಕ್ಕೆ ಇಳಿಸಿದ್ದರೆ ಅದನ್ನು 1080ಕ್ಕೆ ಹಿಗ್ಗಿಸಿ ಹೋಲಿಸಿ. ಮೂಲವನ್ನು ಕುಗ್ಗಿಸಿ ಹೋಲಿಸಿದರೆ ಕಳೆದ ವಿವರ ಎರಡೂ ಕಡೆ ಕಳೆದುಹೋಗಿ ಸ್ಕೋರ್ ಚೆಂದ ಕಾಣುತ್ತದೆ.

ಸರಾಸರಿ ನೋಡಿ ಸಮಾಧಾನ ಪಡಬೇಡಿ

ಹತ್ತು ನಿಮಿಷದ ವಿಡಿಯೊ, ಸೆಕೆಂಡಿಗೆ 25 ಫ್ರೇಮ್. ಒಟ್ಟು 15,000 ಫ್ರೇಮ್. ಅದರಲ್ಲಿ 14,850 ಫ್ರೇಮುಗಳ ಸ್ಕೋರ್ 96 ಎಂದುಕೊಳ್ಳಿ. ಉಳಿದ 150 ಫ್ರೇಮ್ ಹಾಳಾಗಿ 60 ಬಂದಿದೆ. ಸರಾಸರಿ ಎಷ್ಟು? 95.64. ನೋಡಿದವರು ಸೂಪರ್ ಎನ್ನುತ್ತಾರೆ. ಆದರೆ ಆ 150 ಫ್ರೇಮ್ ಅಂದರೆ ಆರು ಸೆಕೆಂಡ್. ತಾಳಿ ಕಟ್ಟುವ ಹೊತ್ತಿನಲ್ಲಿ ಎಲ್ಲರೂ ಅಕ್ಷತೆ ಎಸೆಯುವ ಆರು ಸೆಕೆಂಡ್ ಅದೇ ಆಗಿರುತ್ತದೆ! ಯಾಕೆಂದರೆ ಪರದೆಯ ತುಂಬ ಸಣ್ಣ ಕಾಳುಗಳು ಹಾರಾಡುವ ಹೊತ್ತೇ ಒತ್ತಲು ಅತಿ ಕಷ್ಟವಾದದ್ದು. ಮನೆಯವರು ಇಪ್ಪತ್ತು ವರ್ಷದ ಮೇಲೆ ನೋಡಲು ಬಯಸುವುದೂ ಅದೇ ಆರು ಸೆಕೆಂಡನ್ನು.

ಎಫ್‌ಎಫ್‌ಎಂಪೆಗ್ ಒಂದೊಂದು ಫ್ರೇಮಿನ ಸ್ಕೋರನ್ನೂ ಬೇರೆ ಫೈಲಿಗೆ ಬರೆದು ಕೊಡಬಲ್ಲದು. ಆ ಫೈಲನ್ನು ಲಿಬ್ರೆ ಆಫೀಸ್‌ನಂಥ ಉಚಿತ ಶೀಟಿನಲ್ಲಿ ತೆರೆದು ಸ್ಕೋರಿನ ಕಾಲಂ ಮೇಲೆ ಕಡಿಮೆಯಿಂದ ಜಾಸ್ತಿಗೆ ಸಾರ್ಟ್ ಮಾಡಿ. ಮೊದಲ ಐವತ್ತು ಸಾಲು ನೋಡಿ. ಫ್ರೇಮ್ ಸಂಖ್ಯೆಯನ್ನು 25ರಿಂದ ಭಾಗಿಸಿದರೆ ಎಷ್ಟನೇ ಸೆಕೆಂಡ್ ಎಂದು ಸಿಗುತ್ತದೆ. ವಿಡಿಯೊ-ಕಂಪೇರ್ ತೆರೆದು ಆ ಸೆಕೆಂಡಿಗೆ ಹೋಗಿ ಗೆರೆ ಎಳೆದು ಕಣ್ಣಾರೆ ನೋಡಿ. ಅಂಕಿ ಜಾಗ ತೋರಿಸುತ್ತದೆ, ತೀರ್ಮಾನ ಕಣ್ಣಿನದು. ಕೆಲವೊಮ್ಮೆ ಕಡಿಮೆ ಸ್ಕೋರ್ ಇದ್ದರೂ ನೋಡಿದರೆ ಕ್ಯಾಮೆರಾ ಗರಗರ ತಿರುಗಿದ ಮಸುಕು ಶಾಟ್ ಆಗಿರುತ್ತದೆ, ಅದಕ್ಕೆ ಚಿಂತೆ ಬೇಡ.

ಬಿದರಿಯ ಕಪ್ಪು

ನನ್ನ ಹೂಜಿಯ ಶಾಟಿನಲ್ಲಿ ತಾರಿನ ತೊಂದರೆ ಸ್ಲೈಡರ್ ಅಂಕಿ ಇಳಿಸಿದ ಮೇಲೆ ಹೋಯಿತು. ಸ್ಕೋರೂ ಏರಿತು. ಆದರೆ ರಾತ್ರಿ ದೀಪ ಆರಿಸಿ ನೋಡಿದಾಗ ಇನ್ನೊಂದು ಕಂಡಿತು. ಹೂಜಿಯ ಉಬ್ಬಿನ ಮೇಲೆ ಕಪ್ಪು ಮೆಲ್ಲಗೆ ಬೂದಿಯಾಗುವ ಕಡೆ, ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು. ಹಗಲು ಕಿಟಕಿಯ ಬೆಳಕಿನಲ್ಲಿ ಅದು ಕಂಡೇ ಇರಲಿಲ್ಲ.

8 ಬಿಟ್ ವಿಡಿಯೊದಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು. ಸಾಮಾನ್ಯ ವಿಡಿಯೊ ಅದರಲ್ಲೂ 16ರಿಂದ 235ರವರೆಗಿನದನ್ನೇ ಬಳಸುತ್ತದೆ. ಬಿದರಿಯ ಮೈ ಇಡೀ ಕಪ್ಪಿನ ಹತ್ತಿಪ್ಪತ್ತು ಮೆಟ್ಟಿಲುಗಳಲ್ಲೇ ಇರುತ್ತದೆ. ಎನ್‌ಕೋಡರ್ ಸವರುವಾಗ ಅದರಲ್ಲೂ ಕೆಲವು ಮೆಟ್ಟಿಲು ಕೂಡಿಹೋಗುತ್ತವೆ. ಉಳಿದವು ಪಟ್ಟೆಗಳಾಗಿ ಕಾಣುತ್ತವೆ. ಚುಕ್ಕಿಯ ಲೆಕ್ಕದಲ್ಲಿ ಇದು ತೀರಾ ಸಣ್ಣ ತಪ್ಪು. ಹಾಗಾಗಿ ಪಿಎಸ್‌ಎನ್‌ಆರ್ ಇದನ್ನು ಹಿಡಿಯುವುದಿಲ್ಲ, ವಿಮ್ಯಾಫ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಇದಕ್ಕೆಂದೇ ನೆಟ್‌ಫ್ಲಿಕ್ಸ್‌ನವರು ಕ್ಯಾಂಬಿ ಎಂಬ ಬೇರೆ ಅಳತೆ ಮಾಡಿ 2021ರಲ್ಲಿ ಹೊರತಂದರು. ಇದು ತಿರುಗುಮುರುಗು, 0 ಅಂದರೆ ಪಟ್ಟೆ ಇಲ್ಲ, ಸುಮಾರು 5ರಿಂದ ಕಣ್ಣಿಗೆ ಕಿರಿಕಿರಿ ಶುರು. ವಿಮ್ಯಾಫ್‌ನ ಜೊತೆಗೇ ಸಿಗುತ್ತದೆ.

ಪರಿಹಾರ ಸಿಕ್ಕಿದ್ದು 10 ಬಿಟ್ ಎನ್‌ಕೋಡ್‌ನಿಂದ. ಅದರಲ್ಲಿ ಮೆಟ್ಟಿಲು 1024. ಮೂಲ 8 ಬಿಟ್ ಆಗಿದ್ದರೂ ಒಳಗಿನ ಲೆಕ್ಕ ಸೂಕ್ಷ್ಮವಾಗುವುದರಿಂದ ಪಟ್ಟೆ ಕಡಿಮೆಯಾಗುತ್ತದೆ. ಕತ್ತಲು ಜಾಸ್ತಿ ಇರುವ ವಿಡಿಯೊ ಯಾವುದೇ ಇರಲಿ, ದರ್ಗಾದ ಉರುಸಿನ ರಾತ್ರಿ, ದೀಪಾವಳಿ, ಕೋಟೆಯೊಳಗಿನ ಕತ್ತಲ ಓಣಿ, ಪರದೆ ಎಳೆದು ಕೋಣೆ ಕತ್ತಲು ಮಾಡಿಕೊಂಡೇ ಹೋಲಿಸಿ.

ಇಂಟರ್ನೆಟ್ ಇಲ್ಲದೆ ಯಾಕೆ

22.5 ಜಿಬಿಯ ಒಂದು ತಾಸಿನ ಮೂಲವನ್ನು ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಏರಿಸಲು ಹತ್ತು ತಾಸು ಬೇಕು. ನಡುವೆ ಕರೆಂಟ್ ಹೋದರೆ ಕೆಲವೊಮ್ಮೆ ಮತ್ತೆ ಮೊದಲಿಂದ. ಅಷ್ಟಾದರೂ ಯೂಟ್ಯೂಬ್‌ನಂಥ ಜಾಗ ತನ್ನದೇ ರೀತಿಯಲ್ಲಿ ಮತ್ತೆ ಒತ್ತುತ್ತದೆ, ಅಲ್ಲಿ ನೋಡಿ ನಿಮ್ಮ ಫೈಲಿನ ಬಗ್ಗೆ ತೀರ್ಮಾನಿಸಲು ಆಗದು. ನನಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಜನ ತಮ್ಮ ಮನೆಯೊಳಗೆ ಕರೆದು ಶೂಟ್ ಮಾಡಲು ಬಿಟ್ಟಿರುತ್ತಾರೆ. ಬರೀ ಹೋಲಿಸಿ ನೋಡಲು ಅವರ ಅಂಗಳವನ್ನು, ಹೆಣ್ಣುಮಕ್ಕಳ ಮುಖವನ್ನು ಗೊತ್ತಿಲ್ಲದ ಸರ್ವರಿಗೆ ಕಳಿಸುವುದು ಸರಿಯಲ್ಲ, ಅಲ್ವಾ?

ಇಳಿಸಿಕೊಳ್ಳುವ ದಿನ ಮಾತ್ರ ನೆಟ್ ಬೇಕು. ಎಫ್‌ಎಫ್‌ಎಂಪೆಗ್‌ನ ಎಲ್ಲ ಸಿದ್ಧ ಆವೃತ್ತಿಗಳಲ್ಲೂ ವಿಮ್ಯಾಫ್ ಇರುವುದಿಲ್ಲ, ಫುಲ್ ಎಂದು ಬರೆದದ್ದನ್ನು ತೆಗೆದುಕೊಳ್ಳಿ. ಅದೇ ದಿನ ನೆಟ್ ಆಫ್ ಮಾಡಿ ಹತ್ತು ಸೆಕೆಂಡಿನ ತುಂಡಿನ ಮೇಲೆ ಒಂದು ಸಲ ಓಡಿಸಿ ನೋಡಿ. ಏನಾದರೂ ಕಡಿಮೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಹಳೆ ಕಂಪ್ಯೂಟರ್ ಆದರೂ ನಡೆಯುತ್ತದೆ. ಮೇ ತಿಂಗಳ ಬಿಸಿಲಿಗೆ ಕಂಪ್ಯೂಟರ್ ಕಾದು ನಿಧಾನವಾಗಬಹುದು, ಸಮಯ ಜಾಸ್ತಿ ಹಿಡಿಯಬಹುದು, ಸ್ಕೋರ್ ಮಾತ್ರ ಬದಲಾಗುವುದಿಲ್ಲ. ಇಡೀ ವಿಡಿಯೊ ಓಡಿಸುವ ಮೊದಲು ನಾನು ಐದಾರು ಕಷ್ಟದ ತುಂಡುಗಳನ್ನು ಆರಿಸಿ ಅವುಗಳ ಮೇಲೆ ಸೆಟ್ಟಿಂಗ್ ನಿರ್ಧರಿಸುತ್ತೇನೆ. ಗುಂಪು, ನೀರು, ಹೊಗೆ, ಕತ್ತಲು, ಸಣ್ಣ ನೇಯ್ಗೆಯ ಸೀರೆ. ಇವು ಪಾಸಾದರೆ ಉಳಿದದ್ದು ಪಾಸ್. ತುಂಡುಗಳು ಚಿಕ್ಕವಾದ್ದರಿಂದ ಕರೆಂಟ್ ಹೋದರೂ ಹೋಗುವುದು ಐದು ನಿಮಿಷದ ಕೆಲಸ.

ಹೊಸ ನಕಲು ಒಟ್ಟು 40 ಜಿಬಿಯ ಹತ್ತಿರ ಬಂತು. ಮೊದಲಿನದಕ್ಕಿಂತ ದೊಡ್ಡದು, ಮೂಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಲ್ಯಾಪ್‌ಟಾಪ್ ಹಿಡಿದು ಮತ್ತೆ ಬೀದರಿಗೆ ಹೋದೆ. ಈ ಸಲ ವಿಡಿಯೊ-ಕಂಪೇರ್‌ನಲ್ಲೇ ತೆರೆದು, ಯಾವ ಕಡೆ ಯಾವುದು ಎಂದು ಹೇಳದೆ, ಮೌಸನ್ನು ಚಾಚಾ ಕೈಗೆ ಕೊಟ್ಟೆ. ಗೆರೆಯನ್ನು ಬಳ್ಳಿಯ ಉದ್ದಕ್ಕೂ ಎಳೆದರು. ಹೂವಿನ ಮೇಲೆ ಎಳೆದರು. ಹಿಂದಕ್ಕೆ ತಂದರು. ಒಂದು ಎಲೆಯ ತುದಿಯಲ್ಲಿ ನಿಲ್ಲಿಸಿ ಬೆರಳಿಟ್ಟರು. ಮತ್ತೇನು ತಪ್ಪಾಯಿತೋ ಎಂದು ನನ್ನ ಎದೆ ಡವಗುಟ್ಟಿತು.

“ಇಲ್ಲಿ ತಾರ ಸ್ವಲ್ಪ ಎದ್ದದ ನೋಡು.”

“ಯಾವ ಕಡಿ ಚಾಚಾ?”

ಗೆರೆಯನ್ನು ಎಲೆಯ ಆ ಕಡೆಗೂ ಈ ಕಡೆಗೂ ಎರಡು ಸಲ ಸರಿಸಿದರು.

“ಎರಡೂ ಕಡಿ ಅದ. ಇದು ನನ್ನ ಕೈದೇ ತಪ್ಪು.”

ಒಳಗಿನಿಂದ ಹೂಜಿ ತರಿಸಿ, ಬೆಳಕಿಗೆ ಹಿಡಿದು ಆ ಎಲೆ ಹುಡುಕಿ, ಸುತ್ತಿಗೆ ಕೈಗೆತ್ತಿಕೊಂಡರು.